ಅತಿಥಿಯ ಜೀವಕ್ಕೆ ಹೊಣೆ ಯಾರು?

ಬೆಂಗಳೂರಿಗೆ ಬಂದು ತಂಗುವವರೆಲ್ಲರೂ ಪ್ರವಾಸಿಗರಲ್ಲ. ಕಿದ್ವಾಯಿ, ಜಯದೇವ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ರೋಗಿಗಳನ್ನು ಕರೆತಂದವರು, ನೇಮಕಾತಿ ಪರೀಕ್ಷೆ ಬರೆಯಲು ಬಂದವರು, ವಿಧಾನಸೌಧದಲ್ಲಿ ಕಡತದ ಬೆನ್ನು ಹತ್ತಿ ಅಲೆಯುವವರು ಅವರಲ್ಲಿದ್ದಾರೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಗಾಂಧಿನಗರದ ಬೀದಿಗಳಲ್ಲಿ ಕೈಗೆಟಕುವ ಬಾಡಿಗೆಯ ಲಾಡ್ಜ್ ಹುಡುಕುವ ಇವರಿಗೆ ಮನೆಯವರು ಹೇಳಿ ಕಳುಹಿಸುವ ಮಾತು ಒಂದೇ: ದುಡ್ಡು ಜೋಪಾನ, ಅಪರಿಚಿತರನ್ನು ನಂಬಬೇಡಿ. ಈ ಎಚ್ಚರಿಕೆ ಅಗತ್ಯವೇ. ಆದರೆ ತಂಗುವ ಕಟ್ಟಡವೇ ಜೀವಕ್ಕೆ ಎರವಾಗಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ.

2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ ಬೆಂಕಿ ಹೊತ್ತಿಕೊಂಡು 17 ಮಂದಿ ಮೃತಪಟ್ಟರು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನ ಲಾಡ್ಜ್‌ನಲ್ಲಿ 8 ಮಂದಿ ಅಸುನೀಗಿದರು. ಅಲ್ಲಿ ಬೆಂಕಿ ಹುಟ್ಟಿದ್ದು ಅದೇ ಕಟ್ಟಡದ ಕೆಳಭಾಗದಲ್ಲಿದ್ದ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ. 2025ರ ಏಪ್ರಿಲ್ 29ರ ರಾತ್ರಿ ಕೋಲ್ಕತ್ತದ ಬಡಾಬಜಾರ್‌ನ ಹೋಟೆಲ್‌ನಲ್ಲಿ 14 ಮಂದಿ ಸತ್ತರು. ಇಂತಹ ದುರಂತಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಮಾರಕ. ಅಪರಿಚಿತ ಕಟ್ಟಡದ ಕತ್ತಲಲ್ಲಿ ಎದ್ದವನಿಗೆ ಬಾಗಿಲು ಯಾವ ಕಡೆ ಎಂಬುದೂ ತಿಳಿಯದು. ಇರುವ ಒಂದೇ ಮೆಟ್ಟಿಲು ಹೊಗೆಗೂಡಾದರೆ ಉಳಿಯುವ ಮಾರ್ಗವೇ ಇಲ್ಲ.

ಬೆಂಗಳೂರಿಗೂ ಈ ಪಾಠ ಹೊಸದಲ್ಲ. 2010ರ ಫೆಬ್ರುವರಿಯಲ್ಲಿ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಪ್ರಾಣ ತೆತ್ತರು. ಪ್ರತಿ ದುರಂತದ ನಂತರವೂ ತಪಾಸಣೆ, ನೋಟಿಸ್‌ಗಳ ಭರಾಟೆ ನಡೆಯುತ್ತದೆ. ಜನರ ನೆನಪು ಮಾಸಿದಂತೆ ಅದೂ ತಣ್ಣಗಾಗುತ್ತದೆ.

ಲಾಡ್ಜ್‌ನ ಕೌಂಟರಿನಲ್ಲಿ ಅತಿಥಿ ತನ್ನ ಗುರುತಿನ ಚೀಟಿ ತೋರಿಸಬೇಕು, ವಿಳಾಸ ಬರೆಯಬೇಕು, ಬಂದ ಉದ್ದೇಶ ಹೇಳಬೇಕು. ನಗರದ ಭದ್ರತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ತಾನು ಮಲಗುವ ಕಟ್ಟಡದ ಬಗ್ಗೆ ಅತಿಥಿಗೆ ತಿಳಿಯುವುದೇನು? ಬಾಡಿಗೆ ದರ ಮತ್ತು ಕೊಠಡಿ ಖಾಲಿ ಮಾಡುವ ಸಮಯ ಮಾತ್ರ. ಅತಿಥಿಯನ್ನು ಶಂಕಿಸುವ ವ್ಯವಸ್ಥೆ ಅವನನ್ನು ರಕ್ಷಿಸುವ ಹೊಣೆಯನ್ನೂ ಹೊರಬೇಕಲ್ಲವೇ?

ನಿಯಮಗಳನ್ನು ಬಿಗಿಗೊಳಿಸಿದರೆ ಸಣ್ಣ ಲಾಡ್ಜ್‌ಗಳು ಮುಚ್ಚಿ, ಬಡವರಿಗೆ ತಂಗಲು ಜಾಗವೇ ಇಲ್ಲದಂತಾಗುತ್ತದೆ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಹಳೆಯ ಕಟ್ಟಡಗಳಿಗೆ ಎರಡನೆಯ ಮೆಟ್ಟಿಲು ಜೋಡಿಸಲು ಕಾಲಾವಕಾಶ ಕೊಡಬಹುದು, ಸಾಲದ ನೆರವನ್ನೂ ಕಲ್ಪಿಸಬಹುದು. ಆದರೆ ತುರ್ತು ಬಾಗಿಲಿಗೆ ಬೀಗ ಹಾಕದಿರುವುದಕ್ಕೆ, ಮೆಟ್ಟಿಲ ಮೇಲೆ ಗ್ಯಾಸ್ ಸಿಲಿಂಡರ್, ಹಾಸಿಗೆಗಳನ್ನು ಪೇರಿಸದಿರುವುದಕ್ಕೆ, ಕಿಟಕಿಗಳನ್ನು ಜಾಹೀರಾತು ಫಲಕಗಳಿಂದ ಮುಚ್ಚದಿರುವುದಕ್ಕೆ ಹಣವೇನೂ ಬೇಕಿಲ್ಲ. ಇವುಗಳಿಗೆ ಯಾವ ರಿಯಾಯಿತಿಯೂ ಸಲ್ಲದು.

2025ರಲ್ಲಿ ಅಸ್ತಿತ್ವಕ್ಕೆ ಬಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು 5 ನಗರ ಪಾಲಿಕೆಗಳು ಈ ಕೆಲಸವನ್ನು ಅಗ್ನಿಶಾಮಕ ಇಲಾಖೆಯೊಡನೆ ಸೇರಿ ಕೈಗೆತ್ತಿಕೊಳ್ಳಬೇಕು. ಕೊನೆಯ ತಪಾಸಣೆ ನಡೆದ ದಿನಾಂಕ ಮತ್ತು ಅದರ ಫಲಿತಾಂಶವನ್ನು ಪ್ರತಿ ಲಾಡ್ಜ್‌ನ ಕೌಂಟರಿನಲ್ಲಿ, ಹೊರದಾರಿಯ ನಕ್ಷೆಯನ್ನು ಪ್ರತಿ ಕೊಠಡಿಯ ಬಾಗಿಲ ಹಿಂದೆ ಕನ್ನಡದಲ್ಲಿ ತೂಗುಹಾಕುವುದು ಕಡ್ಡಾಯವಾಗಲಿ. ಅತಿಥಿಗಳೂ ಕೀಲಿಕೈ ಪಡೆದೊಡನೆ ಮೆಟ್ಟಿಲು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಲೇಸು. ಆದರೆ ಅವರ ಎಚ್ಚರ ಆಡಳಿತದ ಕರ್ತವ್ಯಕ್ಕೆ ಬದಲಿಯಾಗಲಾರದು. ಆಸ್ಪತ್ರೆಯಲ್ಲಿರುವ ಮಗುವನ್ನು ನೋಡಲು ಬಂದ ತಂದೆ ಲಾಡ್ಜ್‌ನ ಹೊಗೆಗೆ ಬಲಿಯಾಗಬಾರದು. ಇಷ್ಟನ್ನಾದರೂ ಖಾತರಿಪಡಿಸುವುದು ರಾಜಧಾನಿಯ ಕನಿಷ್ಠ ಹೊಣೆ.