ಕರಗುವ ಹಿಮವೂ ನೆರೆಹೊರೆಯವರ ಒಡಂಬಡಿಕೆಯೂ

ಆದಿಕಾಂಡದ 26ನೆಯ ಅಧ್ಯಾಯದಲ್ಲಿರುವ ಇಸಾಕನ ಬಾವಿಗಳ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರಾರೂ ಮರೆತಿರಲಾರರು. ಅವನ ಆಳುಗಳು ತೋಡಿದ ಮೊದಲನೆಯ ಬಾವಿಗಾಗಿ ಗೆರಾರಿನ ದನಕಾಯುವವರು ವ್ಯಾಜ್ಯ ಹೂಡಿದರು, ಎರಡನೆಯದಕ್ಕೂ ಕಲಹವಾಯಿತು. ಇಸಾಕನು ಅಲ್ಲಿಂದ ಹೊರಟು ಮೂರನೆಯದನ್ನು ತೋಡಿಸಿದನು. ಅವನಿಗೆ ಮುಂದಕ್ಕೆ ಹೋಗಲು ಸ್ಥಳವಿದ್ದಿತು. ಆದರೆ ಒಂದೇ ಪರ್ವತದ ಹಿಮವನ್ನು ನಂಬಿ ಬಾಳುವ ಎರಡು ದೇಶಗಳು ಎಲ್ಲಿಗೆ ಹೋಗಬೇಕು?

ಸಿಂಧೂ ನದಿಯ ಸಂಗತಿಯು ಇಂತಹುದೇ. 1947ರಲ್ಲಿ ದೇಶವು ವಿಭಾಗವಾದಾಗ ಪಂಜಾಬಿನ ಕೆಲವು ಕಾಲುವೆಗಳ ಮೂಲವು ಭಾರತದಲ್ಲಿಯೂ, ಅವುಗಳಿಂದ ನೆನೆಯುವ ಹೊಲಗಳು ಪಾಕಿಸ್ತಾನದಲ್ಲಿಯೂ ಉಳಿದವು. 1948ನೆಯ ಏಪ್ರಿಲ್ 1ರಂದು ಆ ನೀರು ನಿಂತುಹೋಯಿತು. ಮೇ ತಿಂಗಳ ಒಪ್ಪಂದದಿಂದ ತಿರುಗಿ ಹರಿಯಿತು. ಬಹುಕಾಲದ ಮಾತುಕತೆಯ ತರುವಾಯ, ವಿಶ್ವ ಬ್ಯಾಂಕಿನ ಮಧ್ಯಸ್ಥಿಕೆಯಿಂದ, 1960ನೆಯ ಸೆಪ್ಟೆಂಬರ್ 19ರಂದು ನೆಹರೂ ಅವರೂ ಅಯೂಬ್ ಖಾನರೂ ಕರಾಚಿಯಲ್ಲಿ ಒಡಂಬಡಿಕೆಗೆ ಸಹಿ ಮಾಡಿದರು. ರಾವಿ, ಬಿಯಾಸ್, ಸಟ್ಲೆಜ್ ನದಿಗಳು ಭಾರತಕ್ಕೆ ಸಂದವು. ಸಿಂಧೂ, ಝೇಲಂ, ಚಿನಾಬ್ ನದಿಗಳ ನೀರು ಬಹುಮಟ್ಟಿಗೆ ಪಾಕಿಸ್ತಾನಕ್ಕೆ ಮೀಸಲಾಯಿತು. 1965, 1971, 1999ರ ಯುದ್ಧಗಳಲ್ಲಿಯೂ ಈ ಒಡಂಬಡಿಕೆಯು ಮುರಿಯಲಿಲ್ಲವೆಂಬುದು ಸಾಮಾನ್ಯವಾದ ಮಾತಲ್ಲ.

ಆದರೂ ಅದರಲ್ಲಿ ಒಂದು ಕೊರತೆಯುಂಟು. ಅದನ್ನು ಬರೆದವರು ನದಿಗಳನ್ನು ಹಂಚಿದರೇ ಹೊರತು ನದಿಗಳ ತಾಯಿಯಾದ ಹಿಮದ ವಿಚಾರವನ್ನು ಎತ್ತಲಿಲ್ಲ. ನದಿಗಳ ಅಳತೆಯ ಲೆಕ್ಕವನ್ನು ಪರಸ್ಪರ ಒಪ್ಪಿಸತಕ್ಕದ್ದೆಂದು ವಿಧಿಸಿದರು. ಹಿಮನದಿಗಳು ಸವೆಯುವವೆಂದು ಆಗ ಎಣಿಸಿದವರು ಯಾರು? ಕಾಠ್ಮಂಡುವಿನಲ್ಲಿರುವ ಅಂತರರಾಷ್ಟ್ರೀಯ ಪರ್ವತಾಭಿವೃದ್ಧಿ ಕೇಂದ್ರವು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಿಂದೂಕುಷ್ ಹಿಮಾಲಯದ ಹಿಮನದಿಗಳು 2011ರಿಂದ 2020ರ ವರೆಗೆ ಅದರ ಹಿಂದಿನ ದಶಕಕ್ಕಿಂತ ಶೇಕಡಾ 65ರಷ್ಟು ಹೆಚ್ಚು ವೇಗವಾಗಿ ಕರಗಿದವು. ಭೂಮಿಯ ಬಿಸಿಯು ಹೀಗೆಯೇ ಏರಿದರೆ ಈ ಶತಮಾನದ ಅಂತ್ಯಕ್ಕೆ ಶೇಕಡಾ 80ರ ವರೆಗೂ ನಷ್ಟವಾಗಬಹುದೆಂದು ಅದು ಎಚ್ಚರಿಸಿತು. ಮೊದಲು ಪ್ರವಾಹ, ಆಮೇಲೆ ಕ್ಷಾಮ: ಇದೇ ಕರಗುವ ಹಿಮದ ಕ್ರಮ. ಕಣಜದ ಬೀಜದ ಭತ್ತವನ್ನೇ ಕುಟ್ಟಿ ಉಣ್ಣುವ ಮನೆಯಲ್ಲಿ ಕೆಲವು ದಿನ ಸಮೃದ್ಧಿಯಿದ್ದಂತೆ ಕಾಣುವುದಷ್ಟೆ!

2025ನೆಯ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ನಿರಪರಾಧಿಗಳ ಹತ್ಯೆಯಾಯಿತು. ಮರುದಿನವೇ ಭಾರತ ಸರ್ಕಾರವು ಒಡಂಬಡಿಕೆಯನ್ನು ತಡೆಹಿಡಿದಿರುವುದಾಗಿ ಸಾರಿತು. ಪತಿಪುತ್ರರನ್ನು ಕಳೆದುಕೊಂಡವರ ಕಣ್ಣೀರನ್ನು ಲಘುವಾಗಿ ಎಣಿಸುವ ಅಧಿಕಾರ ನಮಗಿಲ್ಲ. ಕೊಲೆಗೆ ನ್ಯಾಯವು ದೊರೆಯಲೇಬೇಕು. ಆದರೆ ಹಿಮವು ಯಾರ ಕೋಪಕ್ಕೂ ಕಾದು ನಿಲ್ಲತಕ್ಕದ್ದಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ತಾವಿ ನದಿಯು ಉಕ್ಕಿದಾಗ ಭಾರತವು ಮನುಷ್ಯತ್ವವನ್ನು ನೆನೆದು ಪಾಕಿಸ್ತಾನಕ್ಕೆ ಮುನ್ನೆಚ್ಚರಿಕೆಯನ್ನು ಕಳುಹಿಸಿತಷ್ಟೆ. ಆ ಸತ್ಕಾರ್ಯವನ್ನು ನಿಯಮವಾಗಿ ಮಾಡಬೇಕೆಂಬುದೇ ನನ್ನ ಅಭಿಪ್ರಾಯ. ರಾಜಕೀಯ ವಿವಾದವು ಹೇಗೇ ಇರಲಿ, ಹಿಮದ ಅಳತೆಯನ್ನೂ ಪ್ರವಾಹದ ಸುದ್ದಿಯನ್ನೂ ಉಭಯರೂ ಒಬ್ಬರಿಗೊಬ್ಬರು ತಿಳಿಸುತ್ತಿರಲಿ. ಮುಂದೆ ಒಡಂಬಡಿಕೆಯನ್ನು ತಿದ್ದುವಾಗ ಹಿಮನದಿಗಳಿಗೂ ಅದರಲ್ಲಿ ಸ್ಥಾನವಿರಲಿ.

ನೀರಿಲ್ಲದ ಮನೆಯ ಕಷ್ಟವನ್ನು ಮೊದಲು ಅರಿಯುವವಳು ಹೆಣ್ಣು. ಆದಕಾರಣ ಈ ವಿಚಾರವು ಮಂತ್ರಿಗಳಿಗೆ ಮಾತ್ರ ಸೇರಿದುದೆಂದು ನನ್ನ ಸಹಪಾಠಿನಿಯರು ಭಾವಿಸದಿರಲಿ. ತಾಯಿತಂದೆಗಳು ತಮ್ಮ ಮಕ್ಕಳೊಡನೆ ಇದನ್ನು ಮಾತನಾಡಲಿ. ಇಸಾಕನ ವೃತ್ತಾಂತವು ಮೂರನೆಯ ಬಾವಿಗೆ ಮುಗಿಯುವುದಿಲ್ಲ. ಅವನನ್ನು ಹೊರಗಟ್ಟಿದವರೇ ಅವನ ಬಳಿಗೆ ಬಂದರು. ಅವನು ಅವರಿಗೆ ಔತಣ ಮಾಡಿಸಿದನು. ಇತ್ತಂಡದವರೂ ಪ್ರಮಾಣ ಮಾಡಿದರು. ಆಳುಗಳು ಬಂದು, ನೀರು ಸಿಕ್ಕಿತೆಂದು ತಿಳಿಸಿದುದು ಆ ದಿನದಲ್ಲಿಯೇ.