ಆಪರೇಷನ್ ಯಶಸ್ವಿ, ಸ್ಕ್ಯಾನ್ ಚೆನ್ನಾಗಿದೆ, ನೋವು ಮಾತ್ರ ಹೋಗಿಲ್ಲ

ಈ ಸಲ ಅತಿಥಿಗಳಿಲ್ಲ, ಸಂದರ್ಶನವೂ ಇಲ್ಲ. ನಾವಿಬ್ಬರೇ ಕೂತು ಒಂದು ಅಭಿಪ್ರಾಯ ಹೇಳಬೇಕು ಅಂತಿದ್ದೇವೆ. ವಿಷಯ ಕುತ್ತಿಗೆ. ನಮ್ಮಿಬ್ಬರಲ್ಲಿ ಒಬ್ಬರ ಕುತ್ತಿಗೆಯೊಳಗೆ ಒಂದು ಟೈಟಾನಿಯಂ ಪಟ್ಟಿ, ನಾಲ್ಕು ಸ್ಕ್ರೂ ಇವೆ. ಯಾರದ್ದು ಅಂತ ಹೇಳುವುದಿಲ್ಲ. ನೋವು ಒಬ್ಬರದ್ದಾದರೂ, ಅದರ ದೆಸೆಯಿಂದ ಎರಡು ವರ್ಷ ರೆಕಾರ್ಡಿಂಗ್ ಮುಂದೂಡಿದ್ದು ಇಬ್ಬರೂ. ಹಾಗಾಗಿ 'ನಾವು' ಅಂತಲೇ ಮಾತಾಡ್ತೀವಿ.

ಆಪರೇಷನ್ ಆಗಿ ಮೂರು ತಿಂಗಳಿಗೆ ಡಾಕ್ಟರು ಎಕ್ಸ್-ರೇ ತೋರಿಸಿ ಬಹಳ ಸಂತೋಷಪಟ್ಟರು. ಮೂಳೆ ಕೂಡಿಕೊಳ್ತಿದೆ, ನರದ ಮೇಲಿನ ಒತ್ತಡ ಹೋಗಿದೆ, ಎಲ್ಲ ಅಚ್ಚುಕಟ್ಟು. ನಾವು ಮೆಲ್ಲಗೆ, "ಡಾಕ್ಟ್ರೇ, ಭುಜದ ಹಿಂದೆ ಇನ್ನೂ ಉರಿ ಇದೆ, ಮಧ್ಯದ ಬೆರಳು ಇನ್ನೂ ಜೋಮು" ಅಂದೆವು. ಅವರು ಮತ್ತೊಂದು ಸಲ ಪರದೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಊರಿಗೆ ಫೋನ್ ಮಾಡಿದರೆ, "ಆಪರೇಷನ್ ಆಯ್ತಲ್ಲ, ಇನ್ನೇನು ನೋವು? ಜಾಸ್ತಿ ಯೋಚನೆ ಮಾಡ್ಬೇಡ" ಅಂದರು. ಅಷ್ಟೊತ್ತಿಗೆ ನಮಗೇ ಅನುಮಾನ ಬಂದಿತ್ತು, ಇದು ನಿಜವಾಗಿ ನೋವಾ ಅಥವಾ ಮನಸ್ಸಿನ ಆಟವಾ ಅಂತ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀವಿ. ಸ್ಕ್ಯಾನ್ ಚೆನ್ನಾಗಿದೆ ಅನ್ನುವುದು ನೋವಿನ ಮೇಲೆ ಕೊಟ್ಟ ತೀರ್ಪಲ್ಲ. ಆ ನೋವನ್ನು ಸೊನ್ನೆಯಿಂದ ಹತ್ತರೊಳಗಿನ ಒಂದು ಅಂಕಿಗೆ ಇಳಿಸಿ ಹೇಳುವ ಅಭ್ಯಾಸದಿಂದ ನಮ್ಮಂಥವರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮೊದಲು ಆಪರೇಷನ್ ಏನು ಅಂತ ನೋಡೋಣ. ಕುತ್ತಿಗೆಯಲ್ಲಿ ಏಳು ಮೂಳೆ, ಆದರೆ ಎಂಟು ಜೊತೆ ನರಗಳು. ಹೆಚ್ಚಾಗಿ ಕೆಡುವುದು ಐದು-ಆರನೇ ಅಥವಾ ಆರು-ಏಳನೇ ಮೂಳೆಗಳ ನಡುವಿನ ಡಿಸ್ಕ್. ಹೆಬ್ಬೆರಳು ಜೋಮು ಹಿಡಿದರೆ ಸಾಮಾನ್ಯವಾಗಿ ಆರನೇ ನರ, ಮಧ್ಯದ ಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು. ಯಾವ ಬೆರಳು ಅಂತ ಸರಿಯಾಗಿ ಹೇಳಿದರೆ ಸ್ಕ್ಯಾನ್‌ಗಿಂತ ಮೊದಲೇ ಅರ್ಧ ಪತ್ತೆ ಆದಂತೆ. ಆಪರೇಷನ್‌ನಲ್ಲಿ ಕುತ್ತಿಗೆಯ ಮುಂಭಾಗದಿಂದ ಒಳಹೊಕ್ಕು, ಶ್ವಾಸನಾಳ-ಅನ್ನನಾಳಗಳನ್ನು ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕ್ ತೆಗೆದು, ಆ ಜಾಗದಲ್ಲಿ ಮೂಳೆಯ ತುಂಡನ್ನೋ ಸಣ್ಣ ಪಂಜರವನ್ನೋ ಇಟ್ಟು ಎರಡು ಮೂಳೆಗಳನ್ನು ಒಂದಾಗಿಸುತ್ತಾರೆ. ಬಾಲ್ಟಿಮೋರ್‌ನ ಸ್ಮಿತ್ ಮತ್ತು ರಾಬಿನ್ಸನ್, ಹವಾಯಿಯ ರಾಲ್ಫ್ ಕ್ಲೋವರ್ಡ್ ಇಬ್ಬರ ವಿಧಾನಗಳೂ 1958ರಲ್ಲಿ ಪ್ರಕಟವಾದವು. ಅಂದರೆ ಅರವತ್ತು ವರ್ಷಕ್ಕೂ ಮೀರಿದ ಅನುಭವ ಇದರ ಹಿಂದಿದೆ. ಒಳ್ಳೆಯ ಆಪರೇಷನ್, ಅದರ ಬಗ್ಗೆ ನಮ್ಮ ತಕರಾರಿಲ್ಲ.

ತಕರಾರು ಇರೋದು ಆಪರೇಷನ್‌ಗೆ ಮುಂಚಿನ ಹತ್ತು ನಿಮಿಷದ ಮಾತುಕತೆಯ ಬಗ್ಗೆ. ಈ ಆಪರೇಷನ್ ಚೆನ್ನಾಗಿ ಕಡಿಮೆ ಮಾಡುವುದು ತೋಳಿಗೆ ಇಳಿಯುವ ನೋವನ್ನು. ಕುತ್ತಿಗೆಯದ್ದೇ ನೋವು, ಹೆಗಲ ಬಿಗಿತ, ತಲೆಯ ಹಿಂಭಾಗದ ಭಾರ ಇವು ಎಷ್ಟು ಇಳಿಯುತ್ತವೆ ಅಂತ ಮೊದಲೇ ಹೇಳುವುದು ಕಷ್ಟ. ಇನ್ನು, ಮಿದುಳುಬಳ್ಳಿಯೇ ಅದುಮಿಕೊಂಡಿದ್ದರೆ ಆಪರೇಷನ್‌ನ ಮುಖ್ಯ ಉದ್ದೇಶ ನೋವು ಕಳೆಯುವುದಲ್ಲ, ಸ್ಥಿತಿ ಇನ್ನೂ ಹದಗೆಡದಂತೆ ತಡೆಯುವುದು. ಈ ಮೂರೂ ಬೇರೆ ಬೇರೆ ಮಾತುಗಳು. ನಮಗೆ ಇವನ್ನು ಯಾರೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. 'ನೋವು ಹೋಗುತ್ತಾ?' ಅಂತ ಕೇಳಿದೆವು, 'ಹೋಗುತ್ತೆ' ಅಂದರು. ಯಾವ ನೋವು ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ!

ಸ್ವೀಡನ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಿಡುವಂಥದ್ದು. ನರ ಅದುಮಿಕೊಂಡು ತೋಳು ನೋಯುತ್ತಿದ್ದ 81 ಜನರನ್ನು ಮೂರು ಗುಂಪು ಮಾಡಿ ಕೆಲವರಿಗೆ ಆಪರೇಷನ್, ಕೆಲವರಿಗೆ ಫಿಸಿಯೋಥೆರಪಿ, ಇನ್ನು ಕೆಲವರಿಗೆ ಕುತ್ತಿಗೆ ಪಟ್ಟಿ ಕೊಟ್ಟರು. ಮೊದಲ ನಾಲ್ಕು ತಿಂಗಳ ಹೊತ್ತಿಗೆ ಆಪರೇಷನ್ ಆದವರು ಮುಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ನೋವಿನ ವಿಚಾರದಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಉಳಿದಿರಲಿಲ್ಲ. ಆಪರೇಷನ್ ಬೇಡ ಅನ್ನೋದಕ್ಕೆ ಇದನ್ನು ಹೇಳ್ತಿಲ್ಲ. ಅದು ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನಿಸುವ ವಿಷಯ. ಆ ನಾಲ್ಕು ತಿಂಗಳ ನೆಮ್ಮದಿಗೇ ಬೆಲೆ ಕೊಡುವವರೂ ಇದ್ದಾರೆ, ರಾತ್ರಿಯೆಲ್ಲ ತೋಳು ಹಿಡ್ಕೊಂಡು ಕೂತವರಿಗೆ ಅದು ಗೊತ್ತು.

ಈಗ ಸ್ಕ್ಯಾನ್ ವಿಚಾರ. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರ ಎಂಆರ್‌ಐ ತೆಗೆದರು, ಫಲಿತಾಂಶ 2015ರಲ್ಲಿ ಬಂತು. ಅವರಲ್ಲಿ 87.6% ಜನರ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನರಲ್ಲಿ ಇತ್ತು, ಒಬ್ಬರಿಗೂ ನೋವಿಲ್ಲ. ಹಾಗಾದರೆ ಸ್ಕ್ಯಾನ್‌ನಲ್ಲಿ ಕೆಟ್ಟದ್ದು ಕಂಡರೂ ನೋವಿಲ್ಲದಿರಬಹುದು ಅಂತ ಎಲ್ಲರೂ ಒಪ್ಪುತ್ತಾರೆ. ಅದನ್ನೇ ತಿರುಗಿಸಿ, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ನೋವಿರಬಹುದು ಅಂದರೆ ಮಾತ್ರ ಯಾಕೋ ಹುಬ್ಬೇರಿಸುತ್ತಾರೆ.

ಯಾಕೆ ಇರಬಹುದು ಅನ್ನೋದಕ್ಕೆ ವಿಜ್ಞಾನದಲ್ಲಿ ಉತ್ತರಗಳಿವೆ. ಒಂದು ತೀರಾ ಸರಳ. ನರದ ಎಳೆ ಸತ್ತು ಹೋಗಿದ್ದರೆ ಅದು ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಕುತ್ತಿಗೆಯಿಂದ ಬೆರಳ ತುದಿಗೆ ಎಷ್ಟು ದೂರ ಅಂತ ಒಂದು ಟೇಪ್ ಹಿಡಿದು ಅಳೆದು ನೋಡಿ. ನಮ್ಮದು ಎಪ್ಪತ್ತೈದು ಸೆಂಟಿಮೀಟರ್ ಬಂತು, ಅಂದರೆ ಎರಡು ವರ್ಷದ ಹಾದಿ. ಎರಡನೆಯದು ಸ್ವಲ್ಪ ಸೂಕ್ಷ್ಮ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದು: ಗಾಯದಿಂದ ಸಂಕೇತಗಳು ಒಂದೇ ಸಮ ಬರುತ್ತಿದ್ದರೆ ಮಿದುಳುಬಳ್ಳಿಯ ನರಕೋಶಗಳೇ ಬದಲಾಗಿಬಿಡುತ್ತವೆ. ಆಮೇಲೆ ಸಣ್ಣ ಸಂಕೇತಕ್ಕೂ ಜೋರಾಗಿ ಪ್ರತಿಕ್ರಿಯಿಸುತ್ತವೆ. ಒಲೆಯ ಮೇಲೆ ಹಾಲು ಉಕ್ಕಿದ್ದು ಒಂದು ಸಲ, ಮನೆಯ ಹೊಗೆ ಅಲಾರಂ ಮಾತ್ರ ಅವತ್ತಿನಿಂದ ಒಗ್ಗರಣೆಗೂ ಕೂಗಿಕೊಳ್ಳುತ್ತೆ ಅಂದುಕೊಳ್ಳಿ. (ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಅದು ಹೇಗಿದ್ದರೂ ಕೂಗುತ್ತೆ, ಆ ಮಾತು ಬೇರೆ.) ಅಲಾರಂ ಸುಳ್ಳಲ್ಲ, ಶಬ್ದ ನಿಜವಾಗಿಯೂ ಬರ್ತಿದೆ. ಒಲೆಯ ಫೋಟೋ ತೆಗೆದು 'ಬೆಂಕಿ ಇಲ್ಲ' ಅಂದರೆ ಅದು ನಿಲ್ಲುವುದಿಲ್ಲ.

ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನೇ ಪರಿಷ್ಕರಿಸಿತು. ನರದಲ್ಲಿ ಹರಿಯುವ ಸಂಕೇತ ಬೇರೆ, ನೋವು ಬೇರೆ; ಒಬ್ಬರು ನೋವಿದೆ ಅಂದರೆ ಆ ಮಾತನ್ನು ಗೌರವಿಸಬೇಕು ಅಂತ ಅದರ ಟಿಪ್ಪಣಿಯಲ್ಲೇ ಇದೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಮೂರು ತಿಂಗಳು ಮೀರಿದ ನೋವಿಗೆ ತನ್ನದೇ ಜಾಗ ಸಿಕ್ಕಿದೆ, ಆಪರೇಷನ್ ನಂತರ ಉಳಿಯುವ ನೋವಿಗೂ ಅದರಲ್ಲಿ ಪ್ರತ್ಯೇಕ ಹೆಸರಿದೆ. ಪುಸ್ತಕಗಳು ಬದಲಾಗಿವೆ. ಫೋನಿನ ಆ ಕಡೆ ಇರುವ ಚಿಕ್ಕಪ್ಪ ಇನ್ನೂ ಬದಲಾಗಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಉಳಿದ ನೋವೆಲ್ಲ ಅಲಾರಂ ಕೆಟ್ಟಿದ್ದರಿಂದಲೇ ಅಂತ ತಿಳಿಯಬೇಡಿ. ಮೂಳೆ ಕೂಡಿಕೊಳ್ಳದೇ ಇರಬಹುದು, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಬೆಸೆದ ಜಾಗದ ಮೇಲಿನ ಅಥವಾ ಕೆಳಗಿನ ಡಿಸ್ಕ್ ಕೆಡಬಹುದು. 1999ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಇದು ವರ್ಷಕ್ಕೆ ಸುಮಾರು 3% ಜನರಿಗೆ ಆಗಿತ್ತು. ಅಂಗಿಯ ಗುಂಡಿ ಹಾಕಲು ಕೈ ತಡವರಿಸಿದರೆ, ನಡಿಗೆ ತೂರಾಡಿದರೆ, ಕೈಯ ಶಕ್ತಿ ಕುಂದುತ್ತಾ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಪಾಡ್‌ಕಾಸ್ಟ್ ಕೇಳ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹಾಗೇ ರಜೆಗೆ ಊರಿಗೆ ಹೋದಾಗ ಕಟಿಂಗ್ ಶಾಪಿನಲ್ಲಿ ಪ್ರೀತಿಯಿಂದ ಕತ್ತು ತಿರುಗಿಸಿ 'ಲಟಕ್' ಅನ್ನಿಸಲು ಬಂದರೆ ಕೈ ಹಿಡಿದು ನಿಲ್ಲಿಸಿ. ಕುತ್ತಿಗೆ ಬೆಸೆದವರಿಗಂತೂ ಅದು ಬೇಡವೇ ಬೇಡ.

ಇನ್ನು ಅಂಕಿಯ ವಿಚಾರ. ನಾವಿರುವುದು ಅಮೆರಿಕದಲ್ಲಿ. ಇಲ್ಲಿ ಯಾವ ಕ್ಲಿನಿಕ್‌ಗೆ ಹೋದರೂ ನರ್ಸ್ ಮೊದಲು ಕೇಳುವುದು, "ಸೊನ್ನೆಯಿಂದ ಹತ್ತರಲ್ಲಿ ನೋವೆಷ್ಟು?" 1990ರ ದಶಕದಲ್ಲಿ ಇಲ್ಲಿನ ನೋವು ತಜ್ಞರ ಸಂಘ ನೋವನ್ನೂ ರಕ್ತದೊತ್ತಡ, ನಾಡಿಯ ಸಾಲಿಗೆ ಸೇರಿಸಿ ಐದನೆಯ ಮುಖ್ಯ ಲಕ್ಷಣ ಅಂತ ಕರೆಯಿತು. ಉದ್ದೇಶ ಒಳ್ಳೆಯದೇ, ನೋವನ್ನು ಕಡೆಗಣಿಸಬಾರದು ಅಂತ. ಆದರೆ ಅಂಕಿ ಬಂದ ಮೇಲೆ ಅಂಕಿ ಇಳಿಸುವುದೇ ಗುರಿಯಾಯಿತು. ಅದಕ್ಕೆ ಸುಲಭದ ದಾರಿ ಅಫೀಮಿನ ಜಾತಿಯ ಮಾತ್ರೆಗಳು. ಮುಂದಿನ ಕಥೆ ನಿಮಗೆ ಗೊತ್ತು. 2016ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಆ ಐದನೆಯ ಲಕ್ಷಣದ ಮಾತನ್ನೇ ಕೈಬಿಡಬೇಕು ಅಂತ ನಿರ್ಣಯ ಮಾಡಿತು. ಆ ಪ್ರಶ್ನೆ ಮಾತ್ರ ಇನ್ನೂ ನಿಂತಿಲ್ಲ.

ನಾವು ಆ ಪ್ರಶ್ನೆಗೆ ಯಾವಾಗಲೂ 'ಐದು' ಅಂತಿದ್ದೆವು. ಎಂಟು ಅಂದರೆ ಮಾತ್ರೆಗೆ ಬಂದವರು ಅಂದುಕೊಂಡಾರು, ಮೂರು ಅಂದರೆ ಮನೆಗೆ ಕಳಿಸಿಬಿಟ್ಟಾರು ಅನ್ನೋ ಭಯ. ಐದು ಅನ್ನುವುದು ಅಳತೆಯಲ್ಲ, ಮರ್ಯಾದೆ.

ಒಂದು ದಿನ ಫಿಸಿಯೋಥೆರಪಿ ಹುಡುಗಿ ಅಂಕಿ ಬಿಟ್ಟು, "ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ?" ಅಂತ ಕೇಳಿದಳು. ಆಗ ನಮಗೆ ಗೊತ್ತಾಯಿತು, ಹೇಳಲು ಎಷ್ಟಿದೆ ಅಂತ. ಭುಜದ ಹಿಂದೆ ಉರಿ. ಮೊಣಕೈಯಿಂದ ಕೆಳಗೆ ಸೆಳೆತ. ಬೆರಳಲ್ಲಿ ಜೋಮು, ಬೆಳಿಗ್ಗೆ ಹೊತ್ತು ಮರಗಟ್ಟಿದ ಹಾಗೆ. ಕತ್ತು ತಿರುಗಿಸಿದರೆ ಚಳಕು. ಸೀನಿದರೆ ಕರೆಂಟ್ ಹೊಡೆದ ಹಾಗೆ. ಸಂಜೆ ಹೊತ್ತಿಗೆ ಹೆಗಲು ಹಿಡ್ಕೊಳ್ಳೋದು. ಇವೆಲ್ಲ ಬೇರೆ ಬೇರೆ, ನಾವು ಎಲ್ಲವನ್ನೂ 'ಪೇನ್' ಅಂತ ಒಂದೇ ಚೀಲಕ್ಕೆ ತುಂಬಿ 'ಐದು' ಅಂತ ಚೀಟಿ ಅಂಟಿಸಿದ್ದೆವು.

ಇದು ಬರೀ ಭಾಷಾಪ್ರೇಮ ಅಲ್ಲ. ನರದ ನೋವನ್ನು ಗುರುತಿಸಲು 2005ರಲ್ಲಿ ಫ್ರಾನ್ಸ್‌ನಲ್ಲಿ ರೂಪಿಸಿದ ಹತ್ತು ಅಂಶಗಳ ಒಂದು ಪ್ರಶ್ನಾವಳಿ ಇದೆ. ಅದು ಕೇಳುವುದೇ ಉರಿಯುತ್ತದೆಯೇ, ಕೊರೆಯುವ ಚಳಿಯಂತಿದೆಯೇ, ಕರೆಂಟ್ ಹೊಡೆದಂತಿದೆಯೇ, ಜುಮುಗುಟ್ಟುತ್ತದೆಯೇ, ಸೂಜಿ ಚುಚ್ಚಿದಂತಿದೆಯೇ, ಮರಗಟ್ಟಿದೆಯೇ, ತುರಿಸುತ್ತದೆಯೇ ಅಂತ. ಹತ್ತರಲ್ಲಿ ನಾಲ್ಕಕ್ಕೆ ಹೌದು ಅಂದರೆ ನರದ ನೋವಿನ ಸಾಧ್ಯತೆ ಹೆಚ್ಚು, ಅದಕ್ಕೆ ಕೊಡುವ ಔಷಧಿಯೇ ಬೇರೆ. ಇನ್ನೂ ಹಿಂದೆ, 1975ರಲ್ಲಿ ಮಾಂಟ್ರಿಯಲ್‌ನ ರೊನಾಲ್ಡ್ ಮೆಲ್ಝಾಕ್ ನೋವಿನ 78 ಪದಗಳನ್ನು 20 ಗುಂಪು ಮಾಡಿ ಒಂದು ಪ್ರಶ್ನಾವಳಿ ಕಟ್ಟಿದ್ದರು. ರೋಗಿಯ ಪದವೇ ಪತ್ತೆಯ ಸಾಧನ ಅಂತ ಅವರಿಗೆ ಅರ್ಥವಾಗಿತ್ತು. ನಮ್ಮಲ್ಲಿ ಆ ಪದಗಳು ಧಾರಾಳವಾಗಿವೆ, ಇಂಗ್ಲಿಷಿನಲ್ಲಿ ಹೇಳುವಾಗ ಮನೆಯಲ್ಲೇ ಬಿಟ್ಟು ಹೋಗ್ತೀವಿ ಅಷ್ಟೆ.

ನಿಮ್ಮ ಜೊತೆ ಇರಲು ಬಂದ ಅಪ್ಪ-ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ನೆನಪಿಡಿ: ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು, 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ ಹೊಣೆ ಅದು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ. 'ಹಿಂದಿ ಆದೀತಾ?' ಅಂತಾರೆ. ಕನ್ನಡ ಅಂತಲೇ ಹೇಳಿ. ನೀವೇ ಮಧ್ಯೆ ಕೂತು ಅನುವಾದಿಸಿದರೆ ಅಮ್ಮನ ಉರಿ, ಸೆಳೆತ, ಚಳಕು ಮೂರೂ ಸೇರಿ ಒಂದು 'ಪೇನ್' ಆಗಿಬಿಡುತ್ತೆ. ನಾವೇ ಮಾಡಿದ ತಪ್ಪು ಇದು.

ಈಗ ನಮ್ಮ ಮನೆಯಲ್ಲಿ ಅಂಕಿಯ ಬದಲು ಬೇರೆ ಲೆಕ್ಕ ಇದೆ. ಇವತ್ತು ಕಾರು ರಿವರ್ಸ್ ತೆಗೆಯುವಾಗ ಬಲಕ್ಕೆ ಎಷ್ಟು ತಿರುಗಿದೆವು, ಎಷ್ಟು ಚಪಾತಿ ಲಟ್ಟಿಸಿದ ಮೇಲೆ ನಿಲ್ಲಿಸಿದೆವು, ರಾತ್ರಿ ಎಷ್ಟು ಸಲ ಎದ್ದೆವು. ಒಳ್ಳೆಯ ದಿನವೇ ದೊಡ್ಡ ಬಲೆ. ನೋವು ಕಡಿಮೆ ಇದೆ ಅಂತ ಹಿಮವೆಲ್ಲ ಒಂದೇ ಸಲ ತೋಡಿ, ಆಮೇಲೆ ಮೂರು ದಿನ ಮಲಗೋದು. ಹನ್ನೆರಡು ಚಪಾತಿ ಲಟ್ಟಿಸಬಲ್ಲ ದಿನವೂ ಆರಕ್ಕೆ ನಿಲ್ಲಿಸುವುದು ಕಲಿಯಲು ಒಂದು ವರ್ಷ ಬೇಕಾಯಿತು. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಇಪ್ಪತ್ತಮೂರು ಕಿಲೋದ ಎರಡು ಸೂಟ್‌ಕೇಸ್ ಬದಲು ಒಂದೇ ಒಯ್ದೆವು, ಅದನ್ನೂ ಬೆಲ್ಟಿನಿಂದ ಎತ್ತಿಕೊಡಲು ಪಕ್ಕದವರನ್ನು ಕೇಳಿದೆವು. ನೋಡೋಕೆ ಗಟ್ಟಿಮುಟ್ಟಾದವರು ಹೀಗೆ ಕೇಳಿದರೆ ಜನ ಒಂದು ಥರ ನೋಡ್ತಾರೆ. ಅಭ್ಯಾಸ ಆಗ್ತಿದೆ. ನೋವು ಪೂರ್ತಿ ಹೋಗಿಲ್ಲ, ರೆಕಾರ್ಡಿಂಗ್ ಮಾತ್ರ ಶುರುವಾಗಿದೆ, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು.

ಕೊನೆಗೆ ಒಂದು ಕೋರಿಕೆ. ಉತ್ತರ ಕರ್ನಾಟಕದವರು 'ಬ್ಯಾನಿ' ಅಂತಾರೆ, ಹೆರಿಗೆಯ ನೋವಿಗೆ ಎಲ್ಲ ಕಡೆಯೂ 'ಬೇನೆ' ಅಂತೀವಿ. ಜೋಮಿಗೆ, ಸೆಳೆತಕ್ಕೆ, ಚಳಕಿಗೆ ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜಿ ಏನಂತಿದ್ದರು? ದನಿಯಲ್ಲೇ ಹೇಳಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ.