ಬಾನಿನ ಮೆಟ್ಟಿಲುಗಳು

ಮದುವೆಯ ವಿಡಿಯೋದಲ್ಲಿ ಸಂಜೆಯ ಬಾನು ನುಣ್ಣಗೆ ಹಬ್ಬದೆ ಪಟ್ಟೆಪಟ್ಟೆಯಾಗಿ ಒಡೆದು ಕಾಣುವುದುಂಟು. ಕ್ಯಾಮೆರಾವನ್ನು ಹಳಿಯುವ ಮುನ್ನ ಮೂಲ ಚಿತ್ರಣವನ್ನೊಮ್ಮೆ ನೋಡುವುದೊಳಿತು. ಅಲ್ಲಿ ಬಾನು ನುಣುಪಾಗಿದ್ದರೆ ದೋಷ ರೆಂಡರಿನದು. 8 ಬಿಟ್ಟಿನ ಕಡತದಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲುಗಳು ಮಾತ್ರ. 10 ಬಿಟ್ಟಿನಲ್ಲಿ 1024. ಬಾನಿನ ಮೆಲ್ಲನೆಯ ಏರಿಳಿತಕ್ಕೆ 256ರಲ್ಲಿ ದಕ್ಕುವುದು ಕೆಲವೇ. ಅವನ್ನು 1080 ಸಾಲುಗಳ ಮೇಲೆ ಹಿಗ್ಗಿಸಿದರೆ ಪಟ್ಟೆ ಮೂಡದಿರುವುದೆಂತು? ಬಿಟ್‌ರೇಟನ್ನು ಹಿಂಡಿದರಂತೂ ಉಳಿದ ನಯವೂ ಹೋದೀತು.

10 ಬಿಟ್ಟಿನಲ್ಲಿ ಸಂಸ್ಕರಿಸಿ, 8ಕ್ಕೆ ಇಳಿಸುವಾಗ ಕಣ್ಣಿಗೆ ತೋರದಷ್ಟು ಸಣ್ಣ ಚುಕ್ಕಿಗಳನ್ನು ಮರಳಿನಂತೆ ಉದುರಿಸಿದರೆ ಪಟ್ಟೆಯಂಚು ಕರಗುತ್ತದೆ. ಇದಕ್ಕೆ ಡಿದರಿಂಗ್ ಎಂದು ಹೆಸರು. ಮುಳ್ಳಿನಿಂದ ಮುಳ್ಳನ್ನು ತೆಗೆದಂತೆ! ಆದರೆ ಈ ಮದ್ದು ಮೂಲವನ್ನು ಕಾದಿಟ್ಟುಕೊಂಡವರಿಗೆ ಮಾತ್ರ. ಜಾಗ ಸಾಲದೆಂದು ಅದನ್ನು ಅಳಿಸಿದವರ ಮನೆಯಲ್ಲಿ ಆ ಸಂಜೆಗೆ ಪಟ್ಟೆಯೇ ಗತಿ.